ಜಾಕೆಟ್ ತೊಟ್ಟು ಊಟಕ್ಕೆ

ಅಂದು ನವೆಂಬರ್ ಒಂದನೇ ತಾರೀಕು ಎನ್ನುವುದು ಆರ್ಲೋ ಪೆಟಿಗ್ರೂಗೆ ಗೊತ್ತಿರಲಿಲ್ಲ. ಭಾನುವಾರ ಎನ್ನುವುದಷ್ಟೇ ಗೊತ್ತಿತ್ತು. ಯಾಕೆಂದರೆ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಅವನಿಗೆ ಊಟದ ಕರೆಯಿತ್ತು.

ಹೆಂಡತಿ ತೀರಿಕೊಂಡ ಮೂರು ವರ್ಷಗಳಲ್ಲಿ ಅವನನ್ನು ಯಾರಾದರೂ ಊಟಕ್ಕೆ ಕರೆದದ್ದು ಇದೇ ಮೊದಲು. ಬೇಸಿಗೆಯ ಮಂದಿ ಸೆಪ್ಟೆಂಬರಿನಲ್ಲೇ ಮನೆಗಳಿಗೆ ಬೀಗ ಜಡಿದು ಹೋದರೆ ಟಾಮ್ಲಿನ್ ಸರೋವರದ ಸುತ್ತ ಹೊಗೆಯಾಡುವ ಚಿಮಣಿಗಳು ಆರೋ ಏಳೋ. ಮನುಷ್ಯನ ದನಿ ಕಿವಿಗೆ ಬೀಳಲಿ ಎಂದು ಆರ್ಲೋ ಬೆಳಿಗ್ಗೆ ಓಟ್ಸ್ ಡಬ್ಬಿಯ ಮೇಲಿನ ಬರಹವನ್ನೇ ಗಟ್ಟಿಯಾಗಿ ಓದುತ್ತಿದ್ದ. ಹೀಗಿರುವಾಗ ಆಚೆ ದಡದ ಕೊರಿನ್ ಅಂಚೆ ಕಚೇರಿಯಲ್ಲಿ ಸಿಕ್ಕಿ, "ಭಾನುವಾರ ಊಟಕ್ಕೆ ಬನ್ನಿ. ಒಬ್ಬಳಿಗೋಸ್ಕರ ಮಾಂಸ ಬೇಯ್ಸೋಕೆ ಬೇಜಾರು" ಅಂದಿದ್ದಳು. ಅವಳ ಗಂಡನೂ ತೀರಿಕೊಂಡಿದ್ದ.

ರಸ್ತೆಯಲ್ಲಿ ಹೋದರೆ ಸುತ್ತುಬಳಸಿ ಇಪ್ಪತ್ತು ಮೈಲಿ, ಅವನ ಟ್ರಕ್ಕಿನ ಬ್ಯಾಟರಿ ಸತ್ತು ವಾರವಾಗಿತ್ತು. ನೀರಿನ ಮೇಲೆ ಮುಕ್ಕಾಲು ಮೈಲಿ. ಆರ್ಲೋ ಗಡ್ಡ ಬೋಳಿಸಿ, ನೀಲಿ ಟೈ ಕಟ್ಟಿ, ಹನ್ನೊಂದಕ್ಕೆ ಹುಟ್ಟುದೋಣಿ ಬಿಟ್ಟ.

ಮುನ್ನೂರು ಗಜ ಹೋಗಿರಲಿಲ್ಲ, ಗಸ್ತಿನ ದೋಣಿಯೊಂದು ಬುಸುಗುಟ್ಟುತ್ತಾ ಬಂದು ಅಡ್ಡ ನಿಂತಿತು. ಅದರಲ್ಲಿದ್ದ ಅಧಿಕಾರಿಯ ಹೆಸರು ಹ್ಯಾಸ್ಕೆಲ್. ಅರವತ್ತರ ಹತ್ತಿರದ, ಒಪ್ಪವಾದ ಬಿಳಿ ಮೀಸೆಯ ಮನುಷ್ಯ.

"ಸಾರ್, ಲೈಫ್ ಜಾಕೆಟ್ ಎಲ್ಲಿ?"

"ಜಾಕೆಟ್ ಇಲ್ಲ, ತೇಲೋ ದಿಂಬಿದೆ. ಅದರ ಮೇಲೇ ಕೂತಿದೀನಲ್ಲ."

"ಕೂತ್ಕೊಂಡ್ರೆ ಆಗಲ್ಲ. ಇವತ್ತಿಂದ ಮೇ ಒಂದರ ತನಕ ಚಿಕ್ಕ ದೋಣೀಲಿ ಇರೋರೆಲ್ಲ ಜಾಕೆಟ್ ಮೈಮೇಲೇ ಹಾಕಿರ್ಬೇಕು."

"ನಿನ್ನೆ ಹೀಗೇ ಹೋಗಿದ್ದೆ."

"ನಿನ್ನೆ ಅಕ್ಟೋಬರ್."

"ನೀರು ಅದೇ ಅಲ್ವಾ?"

"ಅದೇ ನೀರು. ಬಿದ್ರೆ ಹತ್ತು ನಿಮಿಷದಲ್ಲಿ ಕೈಕಾಲು ಮಾತು ಕೇಳಲ್ಲ. ಮೊದಲ ಸಲ ಅಂತ ಬಿಡ್ತಿದೀನಿ, ತಿರುಗ್ಸಿ."

ಆರ್ಲೋ ತಿರುಗಿಸಿದ. ಪಕ್ಕದ ಮನೆಯ ಡೆಲ್ಬರ್ಟ್ ದಡದಲ್ಲೇ ಕಾಯುತ್ತಿದ್ದ. ನಿವೃತ್ತನಾದ ಮೇಲೆ ಅವನಿಗೆ ಉಳಿದ ಕೆಲಸ ಕಿಟಕಿಯಿಂದ ನೋಡುವುದೊಂದೇ.

"ಎಲ್ಲಿಗೆ ಹೊರಟಿದ್ದೆ?"

"ಮೀನಿಗೆ."

"ಟೈ ಕಟ್ಕೊಂಡಾ?"

"ಭಾನುವಾರ ಅಲ್ವಾ."

"ಗಾಳ ಎಲ್ಲಿ?"

ಆರ್ಲೋ ದೋಣಿ ಕಟ್ಟುತ್ತಾ, "ಜಾಕೆಟ್ ಇದ್ರೆ ಕೊಡು ಮಾರಾಯ" ಅಂದ. "ಎಲ್ಲಿಗೆ ಅಂತ ಹೇಳು, ಕಾರಲ್ಲಿ ಬಿಡ್ತೀನಿ" ಎಂದು ಡೆಲ್ಬರ್ಟ್ ಎರಡು ಸಲ ಕೇಳಿದ. ಹೇಳಿದ್ದರೆ ಸಂಜೆಯೊಳಗೆ ಸುದ್ದಿ ಏಳೂ ಚಿಮಣಿಗಳನ್ನು ಸುತ್ತಿ ಬರುತ್ತಿತ್ತು. ಆರ್ಲೋ ಮತ್ತೆ ಜಾಕೆಟ್ಟನ್ನೇ ಕೇಳಿದ. ಕೊನೆಗೆ ಡೆಲ್ಬರ್ಟ್ ಶೆಡ್ಡಿನಲ್ಲಿ ಅರ್ಧ ಗಂಟೆ ಗುದ್ದಾಡಿ ಒಂದು ಹಳದಿ ಜಾಕೆಟ್ ಹಿಡಿದು ಬಂದ. ಅದು ಅವನ ಮೊಮ್ಮಗಳದು. ಎದೆಯ ಮೇಲೆ ನಗುವ ಬಾತುಕೋಳಿಯಿತ್ತು.

ಬಾತುಕೋಳಿಯನ್ನು ಎದೆಗವಚಿಕೊಂಡು ಹೆಂಗಸಿನ ಮನೆ ಬಾಗಿಲು ತಟ್ಟುವುದು ಹೇಗೆ? ಆರ್ಲೋ ಅದನ್ನು ಹೇಗೋ ಹೆಗಲಿಗೆ ತುರುಕಿ, ಮೇಲೆ ಕರಿ ಕೋಟು ತೊಟ್ಟು, ಉಸಿರು ಬಿಗಿಹಿಡಿದು ಗುಂಡಿ ಹಾಕಿದ. ಕಟ್ಟಿದ ಮೂಟೆಗೆ ತಲೆ ಬಂದ ಹಾಗೆ ಕಾಣುತ್ತಿದ್ದ.

ಈ ಸಲ ಅರ್ಧ ದಾರಿ ದಾಟಿದ. ಕೊರಿನ್‌ಳ ಮನೆಯ ಹಸಿರು ಬಾಗಿಲು ಕಾಣುತ್ತಿತ್ತು. ಹೋದ ಕೂಡಲೇ ಏನು ಮಾತಾಡಬೇಕೆಂದು ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದ: "ಈ ವರ್ಷ ಚಳಿ ಬೇಗ ಬಂತು. ನಿಮ್ಮ ಸೌದೆ ಹೇಗಿದೆ?" ಹಿಂದಿನಿಂದ ಮತ್ತೆ ಅದೇ ಬುಸುಗುಡುವ ಸದ್ದು.

"ಸೌದೆ ಚೆನ್ನಾಗಿದೆ ಸಾರ್" ಅಂದ ಹ್ಯಾಸ್ಕೆಲ್. "ಜಾಕೆಟ್ ಎಲ್ಲಿ?"

"ಒಳಗಿದೆ."

"ತೋರ್ಸಿ."

ಆರ್ಲೋ ಒಂದು ಗುಂಡಿ ಬಿಚ್ಚಿದ. ಉಳಿದ ಮೂರು ತಾವಾಗಿಯೇ ಸಿಡಿದು ನೀರಿಗೆ ಬಿದ್ದವು. ಬಾತುಕೋಳಿ ಹೊರಗೆ ಬಂದು ನಕ್ಕಿತು. ಹ್ಯಾಸ್ಕೆಲ್ ನಗಲಿಲ್ಲ, ಬಾಗಿ ಪಟ್ಟಿಯ ಮೇಲಿನ ಅಕ್ಷರ ಓದಿದ.

"ಇಪ್ಪತ್ತೆರಡು ಕೆಜಿ ತೂಕದವರಿಗೆ ಇದು. ನೀವೆಷ್ಟು?"

"ಊಟಕ್ಕೆ ಮುಂಚೆ ಎಪ್ಪತ್ತೆಂಟು."

"ಅಳತೆಗೆ ಸರಿ ಇರ್ಬೇಕು, ಹೊರಗೆ ಕಾಣ್ಬೇಕು, ಬಕಲ್ ಹಾಕಿರ್ಬೇಕು. ಇನ್ನೊಂದ್ಸಲ ಸಿಕ್ಕಿದ್ರೆ ದಂಡದ ಚೀಟಿ ಬರೀಲೇಬೇಕಾಗುತ್ತೆ."

"ಸಾರ್, ಅಲ್ಲಿ ಒಬ್ರು ಕಾಯ್ತಿದಾರೆ."

"ಜೀವ ಇದ್ರೆ ಎಷ್ಟು ಹೊತ್ತಾದ್ರೂ ಕಾಯ್ತಾರೆ, ಹೋಗಿ."

ಮತ್ತೆ ದಡ. ಈಗ ಡೆಲ್ಬರ್ಟ್ ಜೊತೆ ಅವನ ಹೆಂಡತಿ ವರ್ನಾಳೂ ನಿಂತಿದ್ದಳು. ಆರ್ಲೋನ ಗುಂಡಿಯಿಲ್ಲದ ಕೋಟನ್ನೂ ಬಾತುಕೋಳಿಯನ್ನೂ ನೋಡಿ ಗಂಡನ ಕಡೆ ತಿರುಗಿದಳು.

"ನಿಮ್ಮ ಬೇಟೆ ದೋಣಿ ಲೈಫ್ ಜಾಕೆಟ್ ಕೊಡೋದು ಬಿಟ್ಟು ಮಗೂದು ಕೊಟ್ಟಿದೀರಾ?"

"ಅದು ಹೊಸದು ಕಣೇ."

"ಹೊಸದನ್ನ ಇಟ್ಕೊಂಡು ಪೂಜೆ ಮಾಡ್ತೀರಾ? ತನ್ನಿ."

ಕಿತ್ತಳೆ ಬಣ್ಣದ ದಪ್ಪ ಜಾಕೆಟ್ ಬಂತು. ವರ್ನಾಳೇ ಪಟ್ಟಿಗಳನ್ನೆಲ್ಲ ಎಳೆದು ಬಿಗಿದು, ಟೈಯನ್ನು ಹೊರಗೆ ತೆಗೆದು ನೇರ ಮಾಡಿ, "ಅವಳು ಯಾರಾದ್ರೂ ಸರಿ, ಹೋಗಿ ಬನ್ನಿ" ಎಂದು ಮೆಲ್ಲಗೆ ಅಂದಳು. ಹಾಗೆ ಟೈ ಸರಿಮಾಡುವ ಕೈ ಕುತ್ತಿಗೆಯ ಬಳಿ ಬಂದು ಮೂರು ವರ್ಷವಾಗಿತ್ತು. ಆರ್ಲೋ ತಲೆಯಾಡಿಸಿ ಹುಟ್ಟು ಹಿಡಿದ.

ಈ ಸಲ ಯಾರೂ ಅಡ್ಡ ಬರಲಿಲ್ಲ. ಎರಡೂವರೆಗೆ ಆಚೆ ದಡ ಮುಟ್ಟಿದ. ಕೊರಿನ್‌ಳ ಕಟ್ಟೆಗೆ ಆಗಲೇ ಒಂದು ದೋಣಿ ಕಟ್ಟಿತ್ತು. ಅದು ಗಸ್ತಿನ ದೋಣಿ.

ಬಾಗಿಲು ತೆರೆದ ಕೊರಿನ್ ಹುಬ್ಬೇರಿಸಿದಳು. "ಆರ್ಲೋ, ನೀವಾ? ರಸ್ತೆ ನೋಡಿ ನೋಡಿ ಸಾಕಾಯ್ತು, ಮರ್ತೇಬಿಟ್ರಿ ಅಂದ್ಕೊಂಡೆ. ದೋಣೀಲಿ ಬಂದ್ರಾ?"

ಒಳಗೆ ಮೇಜಿನ ಮುಂದೆ ಹ್ಯಾಸ್ಕೆಲ್ ಕೂತಿದ್ದ, ಕುತ್ತಿಗೆಗೆ ಕರವಸ್ತ್ರ ಸಿಕ್ಕಿಸಿಕೊಂಡು. ಮಾಂಸದ ತಟ್ಟೆಯಲ್ಲಿ ರಸವಷ್ಟೇ ಉಳಿದಿತ್ತು.

"ನೋಡಿ, ಜಾಕೆಟ್ ಅಂದ್ರೆ ಹೀಗೆ ಹಾಕ್ಬೇಕು" ಎಂದು ಕೊರಿನ್ ಆರ್ಲೋನನ್ನು ಹ್ಯಾಸ್ಕೆಲ್‌ಗೆ ತೋರಿಸಿದಳು. "ಬೆಳಿಗ್ಗೆಯಿಂದ ಯಾವನೋ ತಲೆಕೆಟ್ಟವನು ಜಾಕೆಟ್ ಇಲ್ದೆ ಈ ಕಡೆ ಬರ್ತಾನೇ ಇದ್ದ, ಆರ್ಲೋ. ನನ್ನ ಗಂಡ ಹೋಗಿದ್ದು ಹಾಗೇನೇ, ನೋಡ್ಕೊಂಡು ಸುಮ್ನೆ ಇರೋಕೆ ಆಗ್ಲಿಲ್ಲ. ಎರಡು ಸಲಾನೂ ನಾನೇ ಫೋನ್ ಮಾಡ್ದೆ. ಪಾಪ, ಇವರು ಎರಡು ಸಲಾನೂ ಹೋಗಿ ತಿರುಗ್ಸಿ ಕಳ್ಸಿದ್ರು. ಆ ಚಳೀಲಿ ನಡುಗ್ತಿದ್ರು, ಊಟ ಹೇಗೂ ಆರ್ತಾ ಇತ್ತು, ಒಳಗೆ ಕರ್ದೆ."

ಹ್ಯಾಸ್ಕೆಲ್ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಅವನ ಕಿವಿ ಕೆಂಪಾಗಿತ್ತು.

"ಯಾರಂತೆ ಅವನು?" ಎಂದು ಆರ್ಲೋ ಕೇಳಿದ.

"ಗೊತ್ತಿಲ್ಲ ಸಾರ್" ಅಂದ ಹ್ಯಾಸ್ಕೆಲ್ ಮೆತ್ತಗೆ. "ಹೆಸರು ಬರ್ಕೊಳ್ಳಲಿಲ್ಲ."

ಆರ್ಲೋ ಬಕಲಿಗೆ ಕೈ ಹಾಕಿದ. ಕೊರಿನ್ ಕಿಟಕಿಯಾಚೆ ನೋಡಿ, "ಬಿಚ್ಬೇಡಿ, ಗಾಳಿ ಏಳ್ತಿದೆ, ಬೇಗ ಕತ್ತಲಾಗುತ್ತೆ. ಬೇಯ್ಸಿದ ಆಲೂಗೆಡ್ಡೆ ಉಳಿದಿದೆ, ಕಟ್ಟಿಕೊಡ್ತೀನಿ" ಎಂದಳು. ಅವನು ಬಾಗಿಲಲ್ಲಿ ನಿಂತಲ್ಲೇ, "ಈ ವರ್ಷ ಚಳಿ ಬೇಗ ಬಂತು" ಅಂದ. "ಹೌದು" ಅಂದಳು ಅವಳು. ಒಳಗೆ ಹ್ಯಾಸ್ಕೆಲ್ ಏನೋ ಹೇಳಿದ, ಅವಳು ನಕ್ಕು ಆ ಕಡೆ ತಿರುಗಿದಳು.

ಬಿಸಿ ಪೊಟ್ಟಣವನ್ನು ತೊಡೆಯ ನಡುವೆ ಇಟ್ಟುಕೊಂಡು ಆರ್ಲೋ ಸರೋವರದ ನಡುಮಧ್ಯಕ್ಕೆ ಬಂದು ಹುಟ್ಟು ನಿಲ್ಲಿಸಿದ. ಗಸ್ತಿನ ದೋಣಿ ಅವಳ ಕಟ್ಟೆ ಬಿಟ್ಟು ಕದಲಿರಲಿಲ್ಲ. ಎರಡೂ ದಡಗಳನ್ನು ನೋಡಿದ. ಆಮೇಲೆ ಒಂದೊಂದಾಗಿ ಬಕಲುಗಳನ್ನು ಬಿಚ್ಚಿ, ಜಾಕೆಟ್ ತೆಗೆದು ಪಕ್ಕಕ್ಕಿಟ್ಟ. ಹಸಿರು ಬಾಗಿಲಿನ ಪಕ್ಕದ ಕಿಟಕಿಗೆ ಚೆನ್ನಾಗಿ ಕಾಣುವಂತೆ ದೋಣಿಯನ್ನು ಅಡ್ಡ ತಿರುಗಿಸಿ, ನೆಟ್ಟಗೆ ಕೂತ.

ಒಂದು ಆಲೂಗೆಡ್ಡೆ ತಿಂದ. ಇನ್ನೊಂದನ್ನೂ ತಿಂದ. ಯಾರೂ ಬರಲಿಲ್ಲ. ಚಳಿ ಅಂಗಿಯೊಳಗೆ ಇಳಿಯತೊಡಗಿದಾಗ ಜಾಕೆಟ್ ಮತ್ತೆ ತೊಟ್ಟು, ಬಕಲುಗಳನ್ನೆಲ್ಲ ಸರಿಯಾಗಿ ಹಾಕಿಕೊಂಡು, ಮನೆಯ ಕಡೆ ಹುಟ್ಟು ಹಾಕಿದ.