ಅರ್ಜಿ ನನ್ನದೇ ರೀ

ನನ್ನ ಕೈಯಿಂದ ಆಗುವುದಿಲ್ಲ ಎಂದು ಮೊದಲು ಹೇಳಿದವರು ನಮ್ಮ ಭಾವನವರು, ಅಂದರೆ ಗಂಡನ ಅಣ್ಣ. "ಮೂರನೇ ಇಯತ್ತೆ ಕಲ್ತಾಕಿ ಕಾಲೇಜಿಗೆ ಹೊಂಟಾಳಂತ!" ಎಂದು ಚಹಾವನ್ನು ಬಸಿಗೆ ಸುರಿದುಕೊಳ್ಳುತ್ತ ನಕ್ಕರು. ಎರಡನೆಯವರು ನಮ್ಮ ಅತ್ತೆ. "ಹೋಗವಾ, ಬ್ಯಾಡ ಅನ್ನಂಗಿಲ್ಲ. ಆದ್ರ ರೊಟ್ಟಿ ಬಡಿಯಾವ್ರು ಯಾರು? ಪ್ರಿನ್ಸಿಪಾಲರು ಬರ್ತಾರೇನು?" ಎಂದರು. ಮೂರನೆಯವರು ಪಕ್ಕದ ಮನೆಯ ಮಾಸ್ತರು. ಅವರು ನನ್ನ ಕೈಯಲ್ಲಿದ್ದ ಪುಸ್ತಕದ ಕಡೆ ಬಗ್ಗಿ, ಅದನ್ನು ತಲೆಕೆಳಗಾಗಿ ಹಿಡಿದಿಲ್ಲ ತಾನೆ ಎಂದು ನೋಡಿಕೊಂಡು ಹೋದರು.

ತೊಂಬತ್ತರ ದಶಕದ ಕೊನೆಯ ಮಾತು. ಆಗ ನನಗೆ ಮೂವತ್ತೆಂಟು. ಇಂಡಿ ಕಡೆಯ ಹಳ್ಳಿಯಿಂದ ಪುಣೆಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷ ಆಗಿತ್ತು. ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮನೆಮನೆಗೆ ಕೊಡುವುದು ನನ್ನ ಉದ್ಯೋಗ. ಶಾಲೆ ಬಿಡಿಸಿದ್ದು ಅಪ್ಪ. ಓದನ್ನು ನಾನು ಬಿಟ್ಟಿರಲಿಲ್ಲ. ರದ್ದಿ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಪುಸ್ತಕ ತಂದು, ಅರ್ಥವಾದದ್ದನ್ನು ಒಮ್ಮೆ, ಆಗದ್ದನ್ನು ಮೂರು ಸಲ ಓದುತ್ತಿದ್ದೆ.

ದುಡಿಯುವವರಿಗಾಗಿ ಭಾನುವಾರ ಮಾತ್ರ ಪಾಠ ನಡೆಸುವ ಒಂದು ಕಾಲೇಜು ಆಗ ಶುರುವಾಗಿತ್ತು. ಶಾಲೆ ಮುಗಿಸದವರೂ ಮರಾಠಿಯಲ್ಲಿ ಒಂದು ಪ್ರವೇಶ ಪರೀಕ್ಷೆ ಪಾಸಾದರೆ ಬಿ.ಎ.ಗೆ ಸೇರಬಹುದಿತ್ತು. ಭಾವನವರು ಷರತ್ತು ಹಾಕಿದರು: "ಒಂದ ಸಲ. ಪಾಸಾದ್ರ ಹೋಗು. ನಪಾಸಾದ್ರ ಈ ಮನ್ಯಾಗ ಮತ್ತ ಕಾಲೇಜಿನ ಸುದ್ದಿ ತಗೀಬಾರದು." ನಾನು "ಆತ್ರಿ" ಎಂದೆ. ಮಾತು ಕೊಟ್ಟರೆ ನಾನು ತಪ್ಪುವವಳಲ್ಲ, ಅದು ಅವರಿಗೂ ಗೊತ್ತಿತ್ತು.

ಆ ವಯಸ್ಸಿಗೆ ಅರ್ಜಿ ಹಿಡಿದು ಹೊರಟ ಹೆಂಗಸಿಗೆ ಇಂಥ ಪ್ರಸಂಗಗಳು ಹೆಜ್ಜೆ ಹೆಜ್ಜೆಗೂ ಎದುರಾಗುತ್ತವೆ, ಹುಡುಕಿಕೊಂಡು ಹೋಗಬೇಕಾಗಿಲ್ಲ. ನಗುವವರು ನಗಲಿ. ನಾನು ಅಂದೂ ತಲೆ ತಗ್ಗಿಸಲಿಲ್ಲ, ಇಂದೂ ಇಲ್ಲ.

೧. ಹಿಂದಿನ ಕಿಟಕಿ

ಅರ್ಜಿ ಕೊಡುವ ಕಿಟಕಿಯ ಹಿಂದೆ ಕಿವಿಗೆ ಪೆನ್ನು ಸಿಕ್ಕಿಸಿಕೊಂಡ ಒಬ್ಬ ಗುಮಾಸ್ತರು ಕೂತಿದ್ದರು. ಅವರ ಜೊತೆ ಆಡಿದ ಮಾತೆಲ್ಲ ಮರಾಠಿಯಲ್ಲಿ. ಕನ್ನಡಕ್ಕೆ ತಂದು ಹೇಳುತ್ತಿದ್ದೇನೆ, 'ಬಾಯಿ' ಎಂಬುದೊಂದನ್ನು ಬಿಟ್ಟು. ಅಲ್ಲಿ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ.

"ಯಾರಿಗೆ ಅರ್ಜಿ?" ಎಂದರು.

"ನನಗೆ."

"ಕೈಗೆ ಕೊಡುವುದು ನಿಮಗೇ, ಬಾಯಿ. ಸೇರುವ ವಿದ್ಯಾರ್ಥಿ ಯಾರು?"

"ನಾನೇ. ಅರ್ಜಿ ನನ್ನದೇ."

ಅವರು ನನ್ನ ಇಳಕಲ್ ಸೀರೆ ನೋಡಿದರು, ಕೈಯಲ್ಲಿದ್ದ ರೊಟ್ಟಿಯ ಬುಟ್ಟಿ ನೋಡಿದರು. "ಕ್ಯಾಂಟೀನಿಗೆ ಅಡುಗೆಯವರನ್ನು ತೆಗೆದುಕೊಳ್ಳುತ್ತಿರುವುದು ಹಿಂದಿನ ಕಿಟಕಿಯಲ್ಲಿ. ಹ್ಞೂಂ, ಮುಂದಿನವರು ಬನ್ನಿ."

ನಾನು ಕದಲಲಿಲ್ಲ. ಪತ್ರಿಕೆಯಿಂದ ಕತ್ತರಿಸಿಟ್ಟುಕೊಂಡಿದ್ದ ಜಾಹೀರಾತನ್ನು ರವಿಕೆಯ ಒಳಗಿನಿಂದ ತೆಗೆದು, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಓದಿದೆ: "ವಯಸ್ಸಿನ ಮಿತಿ ಇಲ್ಲ. ಗೃಹಿಣಿಯರೂ ಸೇರಬಹುದು." ಆಮೇಲೆ ಕೇಳಿದೆ, "ಇದನ್ನು ಅಚ್ಚು ಹಾಕಿಸಿದವರು ನೀವೋ, ಹಿಂದಿನ ಕಿಟಕಿಯವರೋ?"

ಸಾಲಿನವರು ನಕ್ಕರು. ಗುಮಾಸ್ತರು ಅರ್ಜಿಯನ್ನು ನನ್ನ ಕಡೆ ತಳ್ಳಿದರು. ಅಲ್ಲೇ ಕಟ್ಟೆಯ ಮೇಲಿಟ್ಟುಕೊಂಡು ತುಂಬತೊಡಗಿದೆ. ನಾಲ್ಕು ಪುಟ. ಐದು ನಿಮಿಷ ಆಯಿತು, ಹತ್ತಾಯಿತು. ಹಿಂದಿನವರು ಗೊಣಗಿದರು. "ಬಾಯಿ, ಬೇಗ ಬೇಗ" ಎಂದರು ಗುಮಾಸ್ತರು.

"ಎಲ್ಲಿಯಾದರೂ ಅಡುಗೆಯವರ ಅರ್ಜಿ ಕೊಟ್ಟುಬಿಟ್ಟಿದ್ದೀರೋ ಎಂದು ಪ್ರತಿ ಸಾಲನ್ನೂ ಎರಡೆರಡು ಸಲ ಓದುತ್ತಿದ್ದೇನೆ" ಎಂದೆ.

೨. ಒಂಬತ್ತು ಮಕ್ಕಳ ಹುಟ್ಟುಹಬ್ಬ

ಜನ್ಮದಿನಕ್ಕೆ ದಾಖಲೆ ಬೇಕು ಎಂದರು. ಊರಿಗೆ ಹೋಗಿ ನನ್ನ ಕನ್ನಡ ಶಾಲೆಯ ರಿಜಿಸ್ಟರಿನ ಪುಟವನ್ನೇ ಝೆರಾಕ್ಸ್ ಮಾಡಿಸಿ, ಸಹಿ ಶಿಕ್ಕೆ ಹಾಕಿಸಿ ತಂದೆ.

ನಮ್ಮ ಕಾಲದಲ್ಲಿ ಶಾಲೆಗೆ ಹೆಸರು ಹಚ್ಚುವುದು ಹೇಗಿತ್ತೆಂದರೆ, ಬಲಗೈಯನ್ನು ತಲೆಯ ಮೇಲಿನಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ವರ್ಷ ತುಂಬಿದೆ ಎಂದು ಲೆಕ್ಕ. ಹುಟ್ಟಿದ ದಿನ ಯಾರಿಗೂ ಗೊತ್ತಿರುತ್ತಿರಲಿಲ್ಲ. ಹೆಡ್ ಮಾಸ್ತರು ಎಲ್ಲರಿಗೂ ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ಶಾಲೆ ತೆರೆಯುವ ಹೊತ್ತಿಗೆ ವಯಸ್ಸು ಸರಿಹೋದರೆ ಸಾಕಿತ್ತು.

ಗುಮಾಸ್ತರಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಅಂಕಿಗಳು ಇಂಗ್ಲಿಷಿನಲ್ಲಿದ್ದವು. ಬೆರಳಿಟ್ಟು ಮೇಲಿನಿಂದ ಕೆಳಗೆ ಎಣಿಸಿದರು.

"ಇಷ್ಟೂ ಒಂದೇ ಊರಿನ ಮಕ್ಕಳೇ?"

"ಹೌದು."

"ಒಂಬತ್ತು ಮಕ್ಕಳು. ಒಂಬತ್ತೂ ಜೂನ್ ಒಂದಕ್ಕೆ, ಒಂದೇ ವರ್ಷ!"

"ಹೌದು. ಅದರಲ್ಲಿ ಏಳನೆಯವನು ನನ್ನ ತಮ್ಮ."

"ಅವಳಿಯೇ?"

"ಅಲ್ಲ. ನನಗಿಂತ ಎರಡು ವರ್ಷ ಚಿಕ್ಕವನು. ನಾನಿಲ್ಲದೆ ಶಾಲೆಯಲ್ಲಿ ಕೂರುವುದಿಲ್ಲ ಎಂದು ಅತ್ತ, ಇಬ್ಬರನ್ನೂ ಒಂದೇ ದಿನ ಹಚ್ಚಿದರು. ಅವನ ಕೈ ಉದ್ದವಿತ್ತು, ಕಿವಿ ಮುಟ್ಟಿತು."

ಗುಮಾಸ್ತರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅಂದು ನಿಮ್ಮ ಊರಿನ ಸೂಲಗಿತ್ತಿಗೆ ಚಹಾ ಕುಡಿಯಲಾದರೂ ಪುರಸೊತ್ತಾಯಿತೇ?"

"ನಮ್ಮ ಊರಿಗೆ ಸೂಲಗಿತ್ತಿ ಹೆಡ್ ಮಾಸ್ತರೇ, ಸಾಹೇಬರೇ. ಒಂಬತ್ತು ಹೆರಿಗೆಯನ್ನೂ ಒಂದೇ ಪೆನ್ನಿನಲ್ಲಿ ಮಾಡಿಸಿದರು" ಎಂದೆ.

೩. ಪಾಲಕರ ಸಹಿ

ಅರ್ಜಿ ಕೊಡಲು ಕೊನೆಯ ದಿನ. ಗುಮಾಸ್ತರು ಕೊನೆಯ ಪುಟದಲ್ಲಿ ಬೆರಳಿಟ್ಟರು. "ಪಾಲಕರ ಸಹಿ ಇಲ್ಲ."

"ನನಗೆ ಮೂವತ್ತೆಂಟು ವರ್ಷ. ಪಾಲಕರು ಯಾಕೆ?"

"ಜಾಗ ಖಾಲಿ ಬಿಟ್ಟ ಅರ್ಜಿ ತೆಗೆದುಕೊಳ್ಳುವಂತಿಲ್ಲ. ಗಂಡನನ್ನು ಕರೆತನ್ನಿ."

ಗಂಡ ಮಾರ್ಕೆಟ್ ಯಾರ್ಡಿನ ಒಂದು ಉಳ್ಳಾಗಡ್ಡಿ ಅಡತಿಯಲ್ಲಿ, ಅಂದರೆ ಈರುಳ್ಳಿಯ ದಲಾಲಿ ಅಂಗಡಿಯಲ್ಲಿ, ತೂಕ ಮಾಡಿಸುವ ಕೆಲಸದವರು. ಅಂದು ಮಾಲು ನೋಡಲು ಶಿರೂರಿಗೆ ಹೋಗಿದ್ದರು. ಭಾವನವರ ಸಹಿ ಕೇಳುವುದಕ್ಕಿಂತ ಅರ್ಜಿಯನ್ನು ನುಂಗಿ ನೀರು ಕುಡಿಯುವುದು ಮೇಲು. "ಹದಿನೆಂಟು ತುಂಬಿದ ಮನೆಯವರು ಯಾರಾದರೂ ನಡೆಯುತ್ತದೆ" ಎಂದರು ಗುಮಾಸ್ತರು.

ಅತ್ತೆಗೆ ಸಹಿ ಬಾರದು. ಅವರನ್ನು ಬಿಟ್ಟರೆ ಮನೆಯಲ್ಲಿ ಹದಿನೆಂಟು ತುಂಬಿದವಳು ಒಬ್ಬಳಿದ್ದಳು. ನನ್ನ ಮಗಳು, ತುಂಬಿ ಎರಡು ತಿಂಗಳಾಗಿತ್ತು. ಫೋನು ಮಾಡಿಸಿ ಕರೆಸಿದೆ. ಬಂದವಳೇ ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಸೊಂಟಕ್ಕೆ ಕೈಯಿಟ್ಟಳು.

"ಹ್ವಾದ ವರ್ಷದ ಮಾರ್ಕ್ಸ್ ಎಲ್ಲಿ?"

"ಏ, ಸಹಿ ಮಾಡು ಸುಮ್ಮನ."

"ಮಾರ್ಕ್ಸ್ ನೋಡದ ನಾ ಸಹಿ ಮಾಡಂಗಿಲ್ಲ. ಮೂರನೇ ಇಯತ್ತೆದಾಗ ಗಣಿತಕ್ಕ ಎಷ್ಟು ಬಿದ್ದಿದ್ವು?"

"ನೆನಪಿಲ್ಲ."

"ನೆನಪಿಲ್ಲ ಅಂದ್ರ ಕಡಿಮಿನ ಬಿದ್ದಾವ. ಮಂದಿ ಮಕ್ಕಳ್ನ ನೋಡಿ ಕಲಿ. ತಿನ್ನಾಕ ಉಣ್ಣಾಕ ಏನ್ ಕಡಿಮಿ ಮಾಡೀನಿ ನಿನಗ?"

ಹನ್ನೆರಡು ವರ್ಷ ಅವಳ ಪ್ರಗತಿಪತ್ರಕ್ಕೆ ಸಹಿ ಮಾಡುವಾಗ ನಾನು ಆಡಿದ ಮಾತುಗಳು. ಒಂದಕ್ಷರ ಬಿಡದೆ ವಾಪಸು ಬಂದವು. ಗುಮಾಸ್ತರಿಗೆ ಕನ್ನಡ ಬರದಿದ್ದರೂ ಏನು ನಡೆದಿದೆ ಎಂದು ಪೂರ್ತಿ ತಿಳಿದಿತ್ತು, ಅವರಿಗೂ ಮಕ್ಕಳಿದ್ದರು. ಕಡೆಗೆ ಅವಳು ಸಹಿ ಮಾಡಿ, "ವಿದ್ಯಾರ್ಥಿಯೊಡನೆ ಸಂಬಂಧ" ಎಂಬಲ್ಲಿ ಮಗಳು ಎಂದು ಬರೆದಳು. ಆಮೇಲೆ ಕೆಳಗಿನ ಸಣ್ಣ ಅಕ್ಷರ ಓದಿ ಪೆನ್ನು ಕೆಳಗಿಟ್ಟಳು.

"ಅವ್ವಾ, 'ವಿದ್ಯಾರ್ಥಿಯ ಬಾಯಿಗೆ, ನಡವಳಿಕೆಗೆ ನಾನೇ ಜವಾಬ್ದಾರಿ' ಅಂತ ಅದ. ನಡವಳಿಕೆಗೆ ಇರಲಿ. ಬಾಯಿಗೆ ನಾ ಹೆಂಗ ಬರಕೊಡ್ಲಿ?"

ಆಮೇಲೆ ನಾನೂ ಓದಿದೆ. ಬಾಯಿಯ ವಿಷಯ ಅಲ್ಲಿ ಇರಲೇ ಇಲ್ಲ.

೪. ಚೊಕ್ಕ ಮಾಲು

ಅರ್ಜಿಯ ಜೊತೆ ನಡತೆಯ ಪ್ರಮಾಣಪತ್ರ ಬೇಕಿತ್ತು. ಅದನ್ನು ಪರೀಕ್ಷೆಯ ದಿನ ತಂದರೆ ಸಾಕು ಎಂದು ಬಿಟ್ಟರು. ಬರೆದುಕೊಡಬೇಕಾಗಿದ್ದ ನಮ್ಮ ಹೆಡ್ ಮಾಸ್ತರು ತೀರಿಹೋಗಿ ಎಷ್ಟೋ ವರ್ಷ. "ಹಾಗಾದರೆ ನಿಮ್ಮನ್ನು ಬಹಳ ದಿನದಿಂದ ಬಲ್ಲ ಯಾರಾದರೂ ಮರ್ಯಾದಸ್ಥರಿಂದ ತನ್ನಿ" ಎಂದರು.

ನನ್ನ ಗಂಡನ ಧಣಿ, ಆ ಅಡತಿಯ ಸಾಹುಕಾರರು, ನಮ್ಮ ಕಡೆಯವರೇ. ಹದಿನಾಲ್ಕು ವರ್ಷದಿಂದ ಅವರ ಮನೆಗೆ ನನ್ನ ರೊಟ್ಟಿ ಹೋಗುತ್ತಿತ್ತು. ಕೇಳಿದ ಕೂಡಲೇ, "ಅದಕ್ಕೇನ್ರಿ ಅಕ್ಕಾರ, ಈಗ ಬರಸ್ತೀನಿ" ಎಂದು ಅಂಗಡಿಯ ಲೆಕ್ಕ ಬರೆಯುವ ಮುನೀಮರನ್ನು ಕರೆದು, ಒಳಗೆ ಕೂತು ಹೇಳಿ ಮರಾಠಿಯಲ್ಲಿ ಬರೆಸಿ, ಲಕೋಟೆಗೆ ಗೋಂದು ಹಚ್ಚಿ ಕೈಗೆ ಕೊಟ್ಟರು. ಅವರು ಜೀವಮಾನದಲ್ಲಿ ಮಾಲಿನ ವಿಷಯ ಬಿಟ್ಟು ಬೇರೇನನ್ನೂ ಬರೆಸಿದವರಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಪರೀಕ್ಷೆಯ ದಿನ ಗುಮಾಸ್ತರು ಲಕೋಟೆ ಒಡೆದು ಗಟ್ಟಿಯಾಗಿ ಓದಿದರು: "ಸದರಿ ಬಾಯಿಯವರನ್ನು ಹದಿನಾಲ್ಕು ವರ್ಷದಿಂದ ಬಲ್ಲೆವು. ಒಂದು ನಂಬರ್. ಒಳಗೊಂದು ಹೊರಗೊಂದು ಇಲ್ಲ. ತೂಕದಲ್ಲಿ ಕಸರು, ಕೊರತೆ ಕಂಡಿಲ್ಲ. ಮಳೆಗಾಲದಲ್ಲೂ ಕೆಡುವುದಿಲ್ಲ. ನಿಶ್ಚಿಂತೆಯಿಂದ ಇಳಿಸಿಕೊಳ್ಳಬಹುದು."

"ಬಾಯಿ, ಇದು ನಿಮ್ಮ ನಡತೆಯೋ, ಉಳ್ಳಾಗಡ್ಡಿಯದೋ?"

"ಇಡೀ ಯಾರ್ಡಿನಲ್ಲಿ ಅವರು ಯಾವ ಮಾಲಿಗೂ ಇಷ್ಟು ಒಳ್ಳೆಯ ಮಾತು ಬರೆದಿಲ್ಲ. ಶಿಕ್ಕೆ ಹೊಡೆಯಿರಿ."

ಗುಮಾಸ್ತರು ಶಿಕ್ಕೆ ಎತ್ತಿದವರು ಹಾಗೆಯೇ ನಿಂತರು. ಕಾಗದದ ಬುಡದಲ್ಲಿ ಅಂಗಡಿಯವರು ಕೆಂಪಕ್ಷರದಲ್ಲಿ ಅಚ್ಚು ಹಾಕಿಸಿದ ಒಂದು ಸಾಲಿತ್ತು: ಒಮ್ಮೆ ಇಳಿಸಿದ ಮಾಲನ್ನು ಯಾವ ಕಾರಣಕ್ಕೂ ವಾಪಸು ತೆಗೆದುಕೊಳ್ಳುವುದಿಲ್ಲ.

೫. ಆಮಂತ್ರಣ

ಇನ್ನು ಪರೀಕ್ಷೆಯ ವಿಷಯ. ನನಗೆ ಮರಾಠಿ ಓದಲು ಕಲಿಸಿದವರು ಯಾರೂ ಇಲ್ಲ. ಹಳೆಯ ಪೇಠೆಗಳಲ್ಲಿ, ಅಂದರೆ ಊರೊಳಗಿನ ಹಳೆಯ ಬಡಾವಣೆಗಳಲ್ಲಿ, ರೊಟ್ಟಿ ಕೊಡಲು ಹೋಗುತ್ತಿದ್ದೆನಲ್ಲ, ಗೇಟು ತೆರೆಯುವವರೆಗೆ ನಿಲ್ಲಬೇಕು. ಪುಣೆಯ ಹಳೆಯ ಮನೆಗಳ ಗೇಟಿಗೆ ಒಂದಲ್ಲ ಒಂದು ಫಲಕ ಇದ್ದೇ ಇರುತ್ತದೆ, ಬಂದವರಿಗೆ ಬುದ್ಧಿ ಹೇಳಲು. ಅವುಗಳನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿಯೇ ನಾನು ಕಲಿತದ್ದು. ಬರೆಯಲು ಕಲಿತದ್ದೂ ಅವುಗಳನ್ನೇ ನೋಡಿ. ಮರಾಠಿ ಬರೆಯುವುದೆಂದರೆ ಹಾಗೆಯೇ ಎಂದು ತಿಳಿದಿದ್ದೆ.

ಪ್ರಶ್ನೆಪತ್ರಿಕೆಯಲ್ಲಿ ಅರ್ಧದಷ್ಟು ಅಂಕ ಒಂದೇ ಪ್ರಶ್ನೆಗೆ: ರಜೆಯಲ್ಲಿ ನಿಮ್ಮ ಮನೆಗೆ ಬರುವಂತೆ ಬಂಧುಗಳಿಗೆ ಪ್ರೀತಿಯ ಪತ್ರ ಬರೆಯಿರಿ. ನಾನು ಧೈರ್ಯವಾಗಿ ಬರೆದೆ:

"ರಜೆಯಲ್ಲಿ ನಮ್ಮ ಮನೆಗೆ ಬರಬೇಕು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬರಬಾರದು. ಗಂಟೆಯನ್ನು ಒಂದೇ ಸಲ ಒತ್ತಬೇಕು, ಮನೆಯವರು ಕಿವುಡರಲ್ಲ. ವಿಳಾಸವನ್ನು ನೆರೆಯವರಿಗೆ ಕೇಳಬಾರದು. ಅವರಿಗೆ ಬೇರೆ ಕೆಲಸವಿದೆ. ಚಪ್ಪಲಿ ಕಳೆದುಹೋದರೆ ನಾವು ಹೊಣೆಯಲ್ಲ. ಹೂವು ಕೀಳಬಾರದು. ಹೊರಡುವ ದಿನವನ್ನು ಬಂದ ದಿನವೇ ತಿಳಿಸಬೇಕು. ತಿಳಿಸದವರನ್ನು ಗೇಟಿನ ಹೊರಗಿನವರೆಂದು ಭಾವಿಸಲಾಗುವುದು. ಅಪ್ಪಣೆಯ ಮೇರೆಗೆ, ನಿಮ್ಮ ಪ್ರೀತಿಯವಳು."

ಮೂರನೆಯ ದಿನ ಕರೆ ಬಂತು. ಒಳಗೆ ಮರಾಠಿಯ ಹಿರಿಯ ಪ್ರಾಧ್ಯಾಪಕರು, ಬೆಳ್ಳಗಿನ ಧೋತರ, ಟೊಪ್ಪಿಗೆ. ಮುಂದೆ ನನ್ನ ಉತ್ತರಪತ್ರಿಕೆ, ಅಂಕದ ಜಾಗ ಖಾಲಿ. ಬಾಗಿಲಲ್ಲಿ ನಮ್ಮ ಗುಮಾಸ್ತರು. ಒಂದೇ ಸಲ ಎಂದು ಮಾತು ಕೊಟ್ಟಿದ್ದೆ. ಆ ಖಾಲಿ ಜಾಗದಲ್ಲಿ ಅವರು ಏನು ಬರೆಯುತ್ತಾರೋ ಅಲ್ಲಿಗೆ ಮುಗಿಯಿತು.

"ಬಾಯಿ," ಎಂದರು ಪ್ರಾಧ್ಯಾಪಕರು, "ಪ್ರೀತಿಯಿಂದ ಕರೆಯುವುದೆಂದರೆ ಹೀಗೆಯೇ?"

ಹೆದರಿಕೆಯಾದಾಗ ನನ್ನ ಬಾಯಿ ಇನ್ನೂ ಜೋರಾಗುತ್ತದೆ. "ಸಾಹೇಬರೇ, ನಿಮ್ಮ ಊರಿಗೆ ಬಂದು ಇಪ್ಪತ್ತು ವರ್ಷ ಆಯಿತು. ಇದಕ್ಕಿಂತ ಪ್ರೀತಿಯಿಂದ ನನ್ನನ್ನು ಇಲ್ಲಿ ಯಾರೂ ಕರೆದಿಲ್ಲ" ಎಂದೆ.

ಪ್ರಾಧ್ಯಾಪಕರು ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು. ನಕ್ಕರೋ ಇಲ್ಲವೋ ಮೀಸೆಯಲ್ಲಿ ಕಾಣಲಿಲ್ಲ. ಪೆನ್ನು ತೆಗೆದು ಐವತ್ತಕ್ಕೆ ನಲವತ್ತೊಂದು ಎಂದು ಬರೆದು ಸಹಿ ಮಾಡಿದರು. "ತಪ್ಪಿಲ್ಲದ ಮರಾಠಿ. ಪ್ರವೇಶ ಕೊಡಿ ಇವರಿಗೆ" ಎಂದು ಗುಮಾಸ್ತರಿಗೆ ಹೇಳಿ, ಆಮೇಲೆ ಉತ್ತರಪತ್ರಿಕೆಯನ್ನು ತಮ್ಮ ಕಡೆಗೆ ಎಳೆದುಕೊಂಡು ದನಿ ತಗ್ಗಿಸಿದರು.

"ನಿಮ್ಮ ಅಡ್ಡಿಯಿಲ್ಲದಿದ್ದರೆ ಇದನ್ನು ನಕಲು ಮಾಡಿಕೊಳ್ಳುತ್ತೇನೆ. ಮೇ ತಿಂಗಳಲ್ಲಿ ನಾಗಪುರದಿಂದ ನನ್ನ ಹೆಂಡತಿಯ ಕಡೆಯವರು ಹನ್ನೊಂದು ಜನ ಬರುವವರಿದ್ದಾರೆ."

ಈಗ ನನ್ನ ಹತ್ತಿರ ಮರಾಠಿ ವಿಷಯದ ಬಿ.ಎ. ಪದವಿ ಒಂದಿದೆ, ನನ್ನ ಹೆಸರಿನಲ್ಲಿ, ದ್ವಿತೀಯ ದರ್ಜೆ. ಅದಕ್ಕೆ ಹೋದದ್ದು ಆರು ವರ್ಷದ ಭಾನುವಾರಗಳು, ಇಂಗ್ಲಿಷಿನಲ್ಲಿ ಮೂರು ಸಲ ನಪಾಸು, ತವರಿನ ಎರಡು ಮದುವೆ, ಮತ್ತು ನಮ್ಮ ಅವ್ವನ ಕೊನೆಯ ಯುಗಾದಿ. ಅಂದು ನಾನು ಊರಲ್ಲಿರಬೇಕಿತ್ತು. ಮರುದಿನ ಪರೀಕ್ಷೆ ಇತ್ತು, ಊರಿಗೆ ಹೋಗಲಿಲ್ಲ.