ಸೊನ್ನೆಗೆ ಸೊನ್ನೆ ಕೂಡಿಸಿದರೆ ಒಂದು

ಮನೆಯಲ್ಲಿ ಏನಾದರೂ ಕೆಟ್ಟರೆ ನಾನು ಕಾರಣ ಹುಡುಕುವುದಿಲ್ಲ, ಅಪರಾಧಿಯನ್ನು ಹುಡುಕುತ್ತೇನೆ. ಕಾರಣಕ್ಕೆ ಬುದ್ಧಿ ಬೇಕು; ಅಪರಾಧಿ ಸಿಗಲು ಗಂಟಲು ಸಾಕು. ದೇವರು ನನಗೆ ಗಂಟಲನ್ನು ಧಾರಾಳವಾಗಿ ಕೊಟ್ಟಿದ್ದಾನೆ.

ಸಾಂಗ್ಲಿ ಹತ್ತಿರದ ಕುಪವಾಡದ ಕಾರ್ಖಾನೆಗಳಿಗೆ ಹೊರದೇಶದ ಯಂತ್ರಗಳು ಬರತೊಡಗಿದ್ದ ಕಾಲ. ನಮ್ಮಲ್ಲೂ ಒಂದು ಬಂತು. ಹದಿನೈದು ವರ್ಷ ಲೇಥ್ ತಿರುಗಿಸಿದ ನನ್ನನ್ನು ಮಾಲೀಕರು ಕರೆದು, "ಎಲೆಕ್ಟ್ರಾನಿಕ್ಸ್ ಪರೀಕ್ಷಾ ಪಾಸಾದ್ರ ಮಷಿನ್ ನಿನ್ನ ಕೈಯಾಗ. ಇಲ್ಲಂದ್ರ ಗೇಟ್ ಕಾಯ್ಕೊಂಡು ಕುಂದ್ರು" ಎಂದರು. ಹೀಗಾಗಿ ತಲೆ ನರೆಯುವ ವಯಸ್ಸಿನಲ್ಲಿ ಸಾಂಗ್ಲಿಯ ಸಂಜೆ ಕ್ಲಾಸಿಗೆ ಸೇರಿ ಕೂಡುವ ಲೆಕ್ಕವನ್ನು ಮತ್ತೆ ಕಲಿತೆ. ಇಲ್ಲಿ ಸೊನ್ನೆ, ಒಂದು ಬಿಟ್ಟರೆ ಬೇರೆ ಅಂಕಿಯೇ ಇಲ್ಲ. ಸ್ವಿಚ್ಚುಗಳಿಂದ ಎರಡು ಸಂಖ್ಯೆ ಕೊಟ್ಟರೆ ಹದಿನಾರು ಕಾಲಿನ ಕರಿ ಚಿಪ್ಪೊಂದು ಕೂಡಿಸುತ್ತದೆ, ಉತ್ತರವನ್ನು ಪುಟ್ಟ ಕೆಂಪು ದೀಪಗಳು ಹೇಳುತ್ತವೆ. ಈ ಸರ್ಕೀಟನ್ನು ಮನೆಯಲ್ಲಿ ಜೋಡಿಸಿ ತಂದು ಪರೀಕ್ಷಕರಿಗೆ ತೋರಿಸಬೇಕು. ಹಿಂದಿನ ಸಂಜೆ ನಾನು ಜೋಡಿಸಿ ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು. ಸರಿಯಾಗೇ ಇರುತ್ತದೆ ಬಿಡು ಎಂದು ಮಲಗಿದೆ.

ಪರೀಕ್ಷೆಯ ಮುಂಜಾನೆ ಮಿರಜಿನ ನಮ್ಮ ಮನೆಯಲ್ಲಿ ಸ್ನಾನ ಮುಗಿಸಿ ಬಂದು ನೋಡುತ್ತೇನೆ, ಸರ್ಕೀಟಿನ ಮೇಲೆ ನೀರಲ್ಲಿ ಕಲೆಸಿದ ಅರಿಶಿಣ, ಕುಂಕುಮ, ಒಂದು ಸೇವಂತಿಗೆ! ಮಾವಶಿಯ ಕೆಲಸ. ನನ್ನ ತಾಯಿಯ ತಂಗಿ, ನನ್ನನ್ನು ಸಾಕಿದವರು. ಸೈಕಲ್ಲಿರಲಿ, ಮಿಕ್ಸರ್ ಇರಲಿ, ಪೂಜೆಯಿಲ್ಲದೆ ಹೊಸ ವಸ್ತು ಮುಟ್ಟಲು ಬಿಡುವವರಲ್ಲ. ಕರೆಂಟು ಬಂದಿತ್ತು, ಸ್ವಿಚ್ ಒತ್ತಿದೆ. ಸೊನ್ನೆಗೆ ಸೊನ್ನೆ ಕೂಡಿಸಿದರೆ ಒಂದು. ಒಂದಕ್ಕೆ ಒಂದು ಕೂಡಿಸಿದರೆ ಎರಡು ದೀಪ ಹತ್ತಿದವು, ಅಂದರೆ ಮೂರು.

"ಮಾವಶೀ! ನನ್ನ ಹೊಟ್ಟಿ ಮ್ಯಾಲ ಹೊಡದ್ರಲ್ರಿ!"

"ಶುಭ ಆಗ್ಲಿ ಅಂತ ಹಚ್ಚೇನಪ್ಪಾ."

"ಶುಭ ಎಲ್ಲೀದು, ಶಾರ್ಟ್ ಆಗೇತಿ!"

ಓಣಿಯ ಕಿಟಕಿಗಳು ತೆರೆದುಕೊಂಡವು. ಮಾವಶಿ ಪರೀಕ್ಷೆಗೆ ಹೊರಟ ನನ್ನ ಬಾಯಿಗೆ ಹಾಕಲು ತಂದಿದ್ದ ಮೊಸರು-ಸಕ್ಕರೆಯ ಬಟ್ಟಲನ್ನು ಅಲ್ಲೇ ಇಟ್ಟು ಒಳಗೆ ಹೋದರು. ನಾನು ಹಲ್ಲುಜ್ಜುವ ಬ್ರಷ್ಷಿನಿಂದ ಚಿಪ್ಪಿನ ಒಂದೊಂದು ಕಾಲನ್ನೂ ತಿಕ್ಕಿ ತೊಳೆದು ಒಣಗಿಸಿದೆ. ಸೊನ್ನೆಗೆ ಸೊನ್ನೆ ಮತ್ತೆ ಒಂದೇ! ಬಸ್ಸಿನ ಹೊತ್ತಾಗಿತ್ತು. ಸಾಂಗ್ಲಿ ಮುಟ್ಟುವವರೆಗೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಅರಿಶಿಣದ ವಂಶವನ್ನೆಲ್ಲ ಬೈದೆ.

ಪರೀಕ್ಷಕರು ವಿಜಾಪುರದ ಕಡೆಯವರು. ಅವರು ಬಾಯಿ ತೆರೆಯುವ ಮೊದಲೇ, "ಮನ್ಯಾಗ ಪೂಜಾ ಮಾಡಿ ಕೆಡಿಸ್ಯಾರ್ರಿ ಸರ್" ಎಂದೆ.

ಅವರು ಕನ್ನಡಕ ಏರಿಸಿ ನೋಡಿದರು. "ಪೂಜಾ ಏನ್ ಮಾಡೀತ್ರಿ? ದಶಕ, ಅಂದ್ರ ಕ್ಯಾರಿ, ಒಳಗ ಬರೋ ಕಾಲಿಗೆ ವಯರ್ರೇ ಹಚ್ಚಿಲ್ಲ ನೀವು. ಖಾಲಿ ಬಿಟ್ರ ಈ ಚಿಪ್ ಅದನ್ನ ಒಂದು ಅಂತ ಹಿಡೀತೈತಿ, ಎಲ್ಲಾದಕ್ಕೂ ಒಂದು ಹೆಚ್ಚಿಗಿ ಕೂಡಸ್ತೈತಿ. ಗ್ರೌಂಡಿಗೆ ಹಚ್ರಿ."

ಗೇಣುದ್ದದ ವಯರು ಹಚ್ಚಿದೆ. ಸೊನ್ನೆ ಸೊನ್ನೆಯಾಯಿತು. ಪಾಸೂ ಆದೆ. ನಾಚಿಕೆಯಿಂದ ಸತ್ತುಹೋಗುವ ಹಾಗಾಯಿತು.

ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ, "ಪಾಸಾದ್ನಿರಿ ಮಾವಶಿ. ತಪ್ಪು ನಂದ ಇತ್ತು" ಎಂದೆ.

ಮಾವಶಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಮುಂಜಾನೆ ಓಣಿಗೆಲ್ಲಾ ಕೇಳೂ ಹಂಗ ಒದರಿದೆಲ್ಲಾ? ಇದನ್ನೂ ಹೊರಗ ನಿಂತು ಹಂಗ ಒದರು."

ಹೊರಗೆ ನಿಂತು ಒದರಿದೆ. ಎದುರು ಮನೆಯ ಹೆಂಗಸೊಬ್ಬರು ಕಿಟಕಿಯಿಂದ ತಲೆ ಹೊರಹಾಕಿ, ಏನೂ ತಿಳಿಯದೆ ನನ್ನನ್ನೇ ನೋಡುತ್ತ ನಿಂತರು.

ಒಳಗಿಂದ ಮಾವಶಿಯ ಧ್ವನಿ ಬಂತು: "ಮರಾಠಿಯೊಳಗೂ ಒದರು. ಅವರಿಗೆ ಕನ್ನಡ ಬರಂಗಿಲ್ಲ."