ಅರ್ಥಶಾಸ್ತ್ರ ವಿಭಾಗದ ಹೊಟ್ಟೆಕಿಚ್ಚು

ಅರ್ಥಶಾಸ್ತ್ರದ ಮೇಷ್ಟ್ರು ಊರನ್ನು ನಗಿಸುವುದು ಅಪರೂಪ. ಆದರೆ ಅವರನ್ನು ನೋಡಿ ಊರು ನಗುವ ಪ್ರಸಂಗಗಳಿಗೆ ಯಾವ ಕಾಲದಲ್ಲೂ ಹಿಂಜರಿತ ಬಂದದ್ದಿಲ್ಲ.

ಕಾಪುವಿನ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಆ ಪಾಠ ಹೇಳುತ್ತೇನೆ. ವಿಭಾಗದಲ್ಲಿ ನಾವು ಇಬ್ಬರೇ. ನಾನು ಕೇನ್ಸ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞನ ಪಕ್ಷ. ಜನರಿಗೆ ಕೆಲಸ ಇಲ್ಲದ ಕಾಲದಲ್ಲಿ ಸರಕಾರ ಕೈಬಿಚ್ಚಿ ಖರ್ಚು ಮಾಡಬೇಕು, ಕೂಲಿ ಸಿಕ್ಕಿದರೆ ಅಂಗಡಿ ನಡೆಯುತ್ತದೆ, ಅಂಗಡಿ ನಡೆದರೆ ಇನ್ನಷ್ಟು ಜನರಿಗೆ ಕೆಲಸ ಸಿಗುತ್ತದೆ ಎನ್ನುವವನು. ಇನ್ನೊಬ್ಬರು ಕಾರ್ಕಳದವರು, ಪೂರ್ತಿ ಎಡ. ಬಂಡವಾಳಶಾಹಿಯ ಹರಿದ ಅಂಗಿಗೆ ತೇಪೆ ಹಾಕುವ ದರ್ಜಿ ಎಂದು ನನ್ನನ್ನು ಕರೆಯುವವರು. ಮಕ್ಕಳು ಅವರನ್ನು ಪ್ರೀತಿಯಿಂದ ಕಾಮ್ರೇಡ್ ಸರ್ ಎನ್ನುತ್ತಾರೆ. ನನ್ನನ್ನು ಬರೇ ಸರ್ ಎನ್ನುತ್ತಾರೆ.

ಅವರಿಗೆ ದಪ್ಪ ಸ್ವರ, ಅರ್ಧ ನರೆತ ಗಡ್ಡ, ಖಾದಿ ಜುಬ್ಬಾ. ನನಗೆ ಮೂರೂ ಇಲ್ಲ. ಒಮ್ಮೆ ನಾನೂ ಗಡ್ಡ ಬಿಟ್ಟು ನೋಡಿದೆ. ಕಂಡವರೆಲ್ಲ, "ಮನೆಯಲ್ಲಿ ಯಾರಿಗೆ ಹುಷಾರಿಲ್ಲ?" ಎಂದು ಕೇಳಿದರು.

ಗುಂಡಿಯ ಪಾಠ

ನಿರುದ್ಯೋಗದ ಕಾಲದಲ್ಲಿ ಗುಂಡಿ ತೋಡಿಸಿ ಪುನಃ ಮುಚ್ಚಿಸಿದರೂ ನಷ್ಟವಿಲ್ಲ, ಕೂಲಿ ಕೊಟ್ಟರೆ ಸಾಕು ಎಂದು ನಾನು ಪ್ರತಿ ವರ್ಷ ಹೇಳುತ್ತೇನೆ. ಮಕ್ಕಳು ಪ್ರತಿ ವರ್ಷ ಆಕಳಿಸುತ್ತಾರೆ. ಆ ವರ್ಷ ದೇವರೇ ಕಣ್ಣು ಬಿಟ್ಟ. ಕಾಲೇಜಿನ ಗೇಟಿನ ಎದುರು ಕೇಬಲಿನವರು ಬಂದು ರಸ್ತೆ ಅಗೆದು ಮುಚ್ಚಿದರು. ಅವರು ಹೋದದ್ದೇ ನೀರಿನ ಪೈಪಿನವರು ಬಂದು ಅದೇ ಜಾಗವನ್ನು ಪುನಃ ಅಗೆದರು.

ನನಗೆ ಹಬ್ಬ. ಅಂತಿಮ ವರ್ಷದ ಮಕ್ಕಳನ್ನು ಕರಕೊಂಡು ಹೋಗಿ ಗುಂಡಿಯ ಅಂಚಿನಲ್ಲಿ ನಿಂತೆ. "ಇಲ್ಲಿಯ ಕೂಲಿ ಸಂಜೆ ಮೀನು ಮಾರ್ಕೆಟಿಗೆ ಹೋಗುತ್ತದೆ. ಮೀನಿನವಳ ಕೈಯಿಂದ ಬಟ್ಟೆ ಅಂಗಡಿಗೆ, ಅಲ್ಲಿಂದ..." ಎನ್ನುತ್ತಾ ತಲೆ ಎತ್ತಿದರೆ ಅರ್ಧ ಕ್ಲಾಸು ಕಾಣೆ. ಅತ್ತ ಮರದ ಕೆಳಗೆ ಕಾಮ್ರೇಡ್ ಸರ್ ಕೆಲಸಗಾರರ ಜೊತೆ ಕೂತು ಚಾ ಕುಡಿಯುತ್ತಾ ತುಳುವಿನಲ್ಲಿ ಹರಟುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನನ್ನ ಮಕ್ಕಳು ಮೊಬೈಲು ಹಿಡಿದು ವಿಡಿಯೋ ಮಾಡುತ್ತಿದ್ದರು.

ಗುಂಡಿ ನನ್ನದು, ಪಾಠ ನನ್ನದು, ಚಪ್ಪಾಳೆ ಅವರಿಗೆ! ಅಲ್ಲಿ ಎಂತ ಹೇಳುತ್ತಿದ್ದಾರೆ ಎಂದು ಕೇಳಿಸಿಕೊಳ್ಳಲಿಕ್ಕೆ ಒಂದು ಹೆಜ್ಜೆ ಸರಿದೆ. ಕಾಲ ಕೆಳಗೆ ರಸ್ತೆ ಇರಲಿಲ್ಲ.

ನಾಲ್ಕು ಜನ ಕೆಲಸಗಾರರು ನನ್ನನ್ನು ಗುಂಡಿಯಿಂದ ಮೇಲೆತ್ತಿದರು. ಮರುದಿನ ಕ್ಲಾಸಿಗೆ ಹೋದರೆ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿತ್ತು: "ಸರ್ ಒಬ್ಬರೇ ಬಿದ್ದು ನಾಲ್ವರಿಗೆ ಉದ್ಯೋಗ ಕೊಟ್ಟರು."

ಎಡಪಂಥದ ಒಗ್ಗಟ್ಟು

ಉಡುಪಿಯಲ್ಲಿ ಒಂದು ಸಂಜೆ ಕೂಲಿ ಹೆಚ್ಚಳದ ಬಗ್ಗೆ ಎಡಪಂಥೀಯರ ಚರ್ಚೆ ಇತ್ತು. ಕಾಮ್ರೇಡ್ ಸರ್ ಮುಖ್ಯ ಭಾಷಣಕಾರರು. ಭಿನ್ನ ದನಿಯೂ ಇರಲಿ ಎಂದು ನನ್ನನ್ನೂ ಕರೆದಿದ್ದರು. ಸಭೆ ಮುಗಿದ ಮೇಲೆ ಸೀರೆ ಅಂಗಡಿಗೆ ಹೋಗುವುದೆಂದು ಮಾತಾಗಿದ್ದರಿಂದ ನನ್ನ ಹೆಂಡತಿಯೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು.

ಒಬ್ಬರು ಎದ್ದು ಕೂಲಿ ಇವತ್ತೇ ಏರಬೇಕು ಎಂದರು. ಇನ್ನೊಬ್ಬರು, "ಕೂಲಿ ಏರಿದರೆ ಕಾರ್ಮಿಕ ಟಿವಿ ತಗೊಂಡು ಮನೆಯಲ್ಲಿ ಕೂರುತ್ತಾನೆ. ಕ್ರಾಂತಿ ಮಾಡುವವರು ಯಾರು?" ಎಂದರು. ಮೂರನೆಯವರು, ಕಾರ್ಮಿಕ ಎಂದರೆ ಯಾರು ಎಂಬುದು ಮೊದಲು ತೀರ್ಮಾನವಾಗಲಿ ಎಂದು ಹಟ ಹಿಡಿದರು. ಒಂದೇ ಬೈಕಿನಲ್ಲಿ ಬಂದಿದ್ದ ಇಬ್ಬರು ಸಭೆಯ ಎರಡು ತುದಿಗೆ ಹೋಗಿ ಕೂತರು.

ಆಗ ನನ್ನ ಸರದಿ ಬಂತು. ಈ ವ್ಯವಸ್ಥೆಯನ್ನು ಕೆಡವಬೇಕಾಗಿಲ್ಲ, ಸರಕಾರ ಸರಿಯಾಗಿ ಖರ್ಚು ಮಾಡಿದರೆ ಎಲ್ಲರಿಗೂ ಕೆಲಸ ಕೊಡಬಹುದು ಎಂದು ಸಮಾಧಾನದಲ್ಲಿ ವಿವರಿಸಿದೆ. ಸಭೆ ಕ್ಷಣ ಮಾತ್ರದಲ್ಲಿ ಒಂದಾಯಿತು. ಎಲ್ಲರೂ ಒಟ್ಟಿಗೆ ನನ್ನ ಮೇಲೆ ಬಿದ್ದರು. ಜಗಳವಾಡಿದವರು ಹೆಗಲ ಮೇಲೆ ಕೈ ಹಾಕಿಕೊಂಡು ಹೋಗಿ ಚಾ ಕುಡಿದು ಬಂದರು. ಕೊನೆಯಲ್ಲಿ ಕಾಮ್ರೇಡ್ ಸರ್ ಮಾತಾಡಿದಾಗ ಸಭಾಂಗಣದ ಮಾಡು ಹಾರುವಷ್ಟು ಚಪ್ಪಾಳೆ.

ಅಂಗಡಿಗೆ ಹೋಗುವ ದಾರಿಯಲ್ಲಿ ಹೆಂಡತಿ, "ಎಷ್ಟು ಚೆಂದ ಮಾತಾಡ್ತಾರೆ ಮಾರಾಯ್ರೆ ಅವರು!" ಎಂದಳು.

"ನನ್ನದು ಹೇಗಾಯಿತು?"

"ನೀವು ಹೇಳಿದ್ದು ಪೂರ್ತಿ ಅರ್ಥ ಆಯ್ತು. ಅವರದ್ದು ಒಂದೂ ಅರ್ಥ ಆಗಲಿಲ್ಲ. ಅದಕ್ಕೇ ಹೇಳಿದ್ದು, ಅವರದ್ದು ದೊಡ್ಡ ವಿಷಯ ಇರಬೇಕು."

ಎರಡು ರೇಟು

ನಮ್ಮಿಬ್ಬರ ಮನೆಯೂ ಇನ್ನಂಜೆಯಲ್ಲಿ, ಒಂದೇ ಓಣಿಯಲ್ಲಿ. ಈಗ ತೆಂಗಿನ ಮರ ಹತ್ತುವವರು ಸಿಗುವುದು ಎಷ್ಟು ಕಷ್ಟ ಎಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ನಾನು ಫೋನು ಮಾಡಿದರೆ "ನಾಳೆ ಬರ್ತೇನೆ" ಎನ್ನುವ ಆಸಾಮಿ ಕಾಮ್ರೇಡ್ ಸರ್ ಮನೆಗೆ ಕರೆಯದೆಯೂ ಬಂದು ಕಾಯಿ ಇಳಿಸಿ ಹೋಗುತ್ತಾನೆ. ಗೇಟಿನ ಹತ್ತಿರ ಇಬ್ಬರೂ ಪರಸ್ಪರ "ಕಾಮ್ರೇಡ್" ಎನ್ನುವುದನ್ನು ನಾನು ಪರದೆಯ ಹಿಂದಿನಿಂದ ಅನೇಕ ಸಲ ಕೇಳಿಸಿಕೊಂಡಿದ್ದೇನೆ. ಗುಟ್ಟು ಅದರಲ್ಲೇ ಇರಬೇಕು.

ಒಂದು ಬೆಳಿಗ್ಗೆ ಅವನು ಓಣಿಯಲ್ಲಿ ಬರುವಾಗ ನಾನೂ ಮುಷ್ಟಿ ಎತ್ತಿ, "ನಮಸ್ಕಾರ ಕಾಮ್ರೇಡ್!" ಎಂದು ಕೂಗಿದೆ. ಅವನು ಬೈಕು ನಿಲ್ಲಿಸಿದ. ಒಳಗೆ ಬಂದು ಎಲ್ಲಾ ಮರ ಹತ್ತಿ ಇಳಿದ. ನನಗೆ ಗೆದ್ದ ಸಂತೋಷ. ಆಮೇಲೆ ಅವನು ಹೇಳಿದ ಕೂಲಿ ಕೇಳಿ, ತೆಗೆದ ಪರ್ಸನ್ನು ಪುನಃ ಜೇಬಿಗೆ ಹಾಕಿದೆ.

"ಕಳೆದ ಸಲ ಇದರ ಅರ್ಧ ಅಲ್ವಾ ತಗೊಂಡದ್ದು?"

"ಆಗ ನೀವು ಬರೇ ಸರ್. ಆಚೆ ಮನೆಯವರು ಯಾವಾಗಲೂ ಇಷ್ಟು ಕೊಡ್ತಾರೆ. ಸರ್ ರೇಟು ಬೇರೆ, ಕಾಮ್ರೇಡ್ ರೇಟು ಬೇರೆ."

ಮೂರನೆಯವರು

ಇದು ನಿಜವಾಗಿ ಹೆದರಿದ ಪ್ರಸಂಗ. ಕಲಾ ವಿಭಾಗಕ್ಕೆ ಸೇರುವ ಮಕ್ಕಳು ಕಡಿಮೆಯಾದರು. ಕಾಲೇಜಿನ ಸಂಚಾಲಕರು ಬಹಳ ಕಾಲ ದುಬೈಯಲ್ಲಿ ಅಂಗಡಿ ನಡೆಸಿ ಊರಿಗೆ ಬಂದ ಬ್ಯಾರಿ ಸಮುದಾಯದ ವ್ಯಾಪಾರಿ, ಮೃದು ಮಾತಿನವರು. ನಮ್ಮಿಬ್ಬರನ್ನೂ ಕರೆದು, "ಇಷ್ಟು ಮಕ್ಕಳಿಗೆ ಅರ್ಥಶಾಸ್ತ್ರಕ್ಕೆ ಒಬ್ಬರು ಸಾಕಲ್ಲ? ಯಾರು ಅಂತ ನೀವೇ ಮಾತಾಡಿಕೊಳ್ಳಿ," ಎಂದರು.

ಸಂಜೆ ಇಬ್ಬರೂ ಕಾಪು ಕಡಲ ತೀರದ ದೀಪಸ್ತಂಭದ ಹತ್ತಿರ ಬಂಡೆಯ ಮೇಲೆ ಕೂತೆವು. ಈ ವಯಸ್ಸಿನಲ್ಲಿ ನಮ್ಮನ್ನು ಬೇರೆ ಯಾರು ಕರೆಯುತ್ತಾರೆ? ನಿರುದ್ಯೋಗವನ್ನು ಇಷ್ಟು ವರ್ಷ ಕಲಿಸಿದ್ದೆ. ಅದು ಸ್ವಂತ ಬಾಗಿಲಿಗೆ ಬಂದರೆ ಹೇಗಿರುತ್ತದೆ ಎಂದು ಅವತ್ತು ತಿಳಿಯಿತು.

ಕಾಮ್ರೇಡ್ ಸರ್ ಸಣ್ಣ ಸ್ವರದಲ್ಲಿ, "ಇಬ್ಬರೂ ಅರ್ಧ ಸಂಬಳಕ್ಕೆ ಒಪ್ಪಿದರೆ ಹೇಗೆ?" ಎಂದರು.

"ಸಂಬಳ ಕಡಿತವಾ? ನೀವಾ ಹೇಳುವುದು? ಮುಷ್ಕರ ಮಾಡುವ!" ಎಂದೆ ನಾನು.

"ಇಬ್ಬರೇ ಮುಷ್ಕರ ಮಾಡಿದರೆ ರಜೆ ಹಾಕಿದ್ದಾರೆ ಅಂದುಕೊಳ್ತಾರೆ ಮಾರಾಯ್ರೆ." ಕಡಲಿಗೆ ಒಂದು ಕಲ್ಲು ಎಸೆದು ಮತ್ತೆ ಹೇಳಿದರು, "ಇರಿಸುವುದಾದರೆ ನಿಮ್ಮನ್ನೇ ಇರಿಸುವುದು. ಮಕ್ಕಳು ನನ್ನ ಕ್ಲಾಸಿನಲ್ಲಿ ಚಪ್ಪಾಳೆ ಹೊಡೆದು ನೋಟ್ಸಿಗೆ ನಿಮ್ಮ ಹತ್ತಿರ ಬರ್ತಾರೆ. ನಿಮ್ಮನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆ ಉರಿ."

ಕೆಲಸ ಹೋಗುವ ಭಯ ಇದ್ದರೂ, ಅಷ್ಟು ಸಿಹಿ ಮಾತು ನಾನು ಅದುವರೆಗೆ ಕೇಳಿದ್ದಿಲ್ಲ.

ಮರುದಿನ ಒಟ್ಟಿಗೆ ಸಂಚಾಲಕರ ಹತ್ತಿರ ಹೋದೆವು. "ವ್ಯಾಪಾರ ಬಿದ್ದಾಗ ನಿಮ್ಮ ದುಬೈ ಅಂಗಡಿಯಲ್ಲಿ ಲೈಟು ಆರಿಸಿದಿರಾ, ಹೆಚ್ಚು ಹಾಕಿಸಿದಿರಾ?" ಎಂದು ಕೇಳಿದೆ.

"ಹೆಚ್ಚೇ ಹಾಕಿಸಿದೆ."

"ಇಲ್ಲಿಯೂ ಹಾಗೆಯೇ. ಕಷ್ಟಕಾಲದಲ್ಲಿ ಕಡಿತ ಮಾಡಬಾರದು, ಖರ್ಚು ಮಾಡಬೇಕು."

"ಇವರು ಹೇಳುವುದು ನೂರಕ್ಕೆ ನೂರು ಸರಿ," ಎಂದರು ಕಾಮ್ರೇಡ್ ಸರ್. ಕೇನ್ಸ್‌ವಾದಕ್ಕೆ ಕಾರ್ಕಳದಿಂದ ಬೆಂಬಲ ಬಂದದ್ದು ಅದೇ ಮೊದಲು. ಸಂಚಾಲಕರು ಗಡ್ಡ ನೀವಿಕೊಂಡು ಯೋಚಿಸಿ, "ಆಯ್ತು. ಖರ್ಚು ಮಾಡುವ," ಎಂದರು.

ಇಬ್ಬರ ಕೆಲಸವೂ ಉಳಿಯಿತು. ಸಂಚಾಲಕರು ಮಾತಿನ ಮನುಷ್ಯ. ಖರ್ಚನ್ನೂ ಮಾಡಿದರು: ಅರ್ಥಶಾಸ್ತ್ರಕ್ಕೆ ಮೂರನೆಯವರನ್ನು ತಂದರು. ಮಣಿಪಾಲದಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿ, ದಿನಾ ಬಸ್ಸಿನಲ್ಲಿ ಬರುವವರು. ಮುಂದಿನ ವರ್ಷ ಕ್ಲಾಸು ತುಂಬಿತು. ಅವರ ಪಾಠಕ್ಕೆ ವಾಣಿಜ್ಯದ ಮಕ್ಕಳೂ ಬಂದು ಕೂರಲಿಕ್ಕೆ ಶುರು ಮಾಡಿದರು. ನಮ್ಮ ಪಾಠಗಳೂ ಒಂದೊಂದಾಗಿ ಅವರಿಗೇ ಹೋದವು.

ಒಂದು ಮಧ್ಯಾಹ್ನ ನಾವಿಬ್ಬರೂ ಸ್ಟಾಫ್ ರೂಮಿನಲ್ಲಿ ಖಾಲಿ ಕೂತಿದ್ದೆವು. ಪಕ್ಕದ ಕ್ಲಾಸಿನಿಂದ ಅಲೆ ಅಲೆಯಾಗಿ ನಗು.

"ನಿರುದ್ಯೋಗದ ಪಾಠ ಅಲ್ವಾ ಅವರದ್ದು? ಅದರಲ್ಲಿ ಅಷ್ಟು ನಗ್ಲಿಕ್ಕೆ ಎಂತ ಉಂಟು?" ಎಂದರು ಕಾಮ್ರೇಡ್ ಸರ್, ಹಲ್ಲು ಕಚ್ಚಿ. ಹೊಟ್ಟೆಕಿಚ್ಚಿನಲ್ಲಿ ನಮಗೆ ಮೊದಲ ಬಾರಿ ಸಂಪೂರ್ಣ ಸಹಮತ. ವರಾಂಡದಲ್ಲಿ ಬೆಕ್ಕಿನ ಹಾಗೆ ನಡೆದು ಹೋಗಿ ಕಿಟಕಿಯಲ್ಲಿ ಇಣುಕಿದೆವು.

ಆಕೆ ನಮಗೆ ಬೆನ್ನು ಹಾಕಿ ಬೋರ್ಡಿನ ಮೇಲೆ ಬರೆಯುತ್ತಿದ್ದರು: ಮರೆಮಾಚಿದ ನಿರುದ್ಯೋಗ. "ಅಂದರೆ ನೋಡಲಿಕ್ಕೆ ಕೆಲಸದಲ್ಲಿದ್ದಾರೆ, ಸಂಬಳವೂ ಉಂಟು. ಆದರೆ ಅವರನ್ನು ತೆಗೆದರೂ ಕೆಲಸಕ್ಕೆ ಏನೂ ಕಡಿಮೆ ಆಗುವುದಿಲ್ಲ. ಯಾರಾದರೂ ಒಂದು ಉದಾಹರಣೆ ಕೊಡಿ, ನೋಡುವ."

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ಮೇಡಂ, ಕಿಟಕಿಯಲ್ಲಿ ಎರಡು ಉಂಟು."